ದೂರದ ಬ್ಯಾಕಪ್ ಸೇವೆಯನ್ನು ಆರಿಸುವ ಮುನ್ನ

ಸಣ್ಣ ಉದ್ದಿಮೆ ನಡೆಸುವ ಸದಸ್ಯರಲ್ಲಿ ಒಂದು ವಿನಂತಿ: ಸಿಂಕ್ ಸೌಲಭ್ಯವನ್ನೇ (ಕಂಪ್ಯೂಟರಿನ ಕಡತಗಳಲ್ಲಾಗುವ ಪ್ರತಿ ಬದಲಾವಣೆಯನ್ನೂ ದೂರದ ಪ್ರತಿಯಲ್ಲಿ ತಾನಾಗಿ ಮಾಡುವ ವ್ಯವಸ್ಥೆ) ಬ್ಯಾಕಪ್ ಎಂದು ನಂಬಿ ಕೂರಬೇಡಿ. ಕಂಪ್ಯೂಟರಿನಲ್ಲಿ ಕಡತವೊಂದು ಅಳಿದರೆ, ಅಥವಾ ರಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ) ಅದನ್ನು ಓದಲಾಗದಂತೆ ಮಾಡಿದರೆ, ಆ ಹಾನಿಯೇ ಸಿಂಕ್ ಆಗಿ ದೂರದ ಪ್ರತಿಯನ್ನೂ ಕೆಡಿಸುತ್ತದೆ. ಆದ್ದರಿಂದ ಹಳೆಯ ಆವೃತ್ತಿಗಳನ್ನು ಕೆಲವು ತಿಂಗಳಾದರೂ ಉಳಿಸಿಕೊಳ್ಳುವ, ಆ ಅವಧಿಯಲ್ಲಿ ಅಡ್ಮಿನ್ ಪಾಸ್‌ವರ್ಡ್ ಕದ್ದವರೂ ಅವನ್ನು ಅಳಿಸಲಾಗದಂತೆ ತಡೆಯುವ ಸೇವೆಯನ್ನು ಆರಿಸುವುದು ಲೇಸು.

ಲೆಕ್ಕಪತ್ರದ ಸಾಫ್ಟ್‌ವೇರ್ ತೆರೆದಿರುವಾಗಲೇ ಅದರ ಡೇಟಾಬೇಸ್ ಕಡತವನ್ನು ನಕಲು ಮಾಡಿದರೆ ಅರೆಬರೆ ಪ್ರತಿ ಸಿಗುವ ಸಂಭವವಿದೆ. ಸಾಫ್ಟ್‌ವೇರಿನಲ್ಲೇ ಇರುವ ಬ್ಯಾಕಪ್ ಆಯ್ಕೆಯಿಂದ ಮೊದಲು ಪ್ರತಿ ತೆಗೆದು, ಅದನ್ನು ಕಳುಹಿಸಬೇಕು.

ಅನೇಕರು ಮರೆಯುವುದು ಮರಳಿ ಪಡೆಯುವ ವೇಗವನ್ನು. 500 ಜಿಬಿ ದತ್ತಾಂಶವನ್ನು 20 ಎಂಬಿಪಿಎಸ್ ಸಂಪರ್ಕದಲ್ಲಿ ಇಳಿಸಿಕೊಳ್ಳಲು, ಎಲ್ಲವೂ ಸುಸೂತ್ರವಾಗಿ ನಡೆದರೂ, ಸುಮಾರು 55 ಗಂಟೆ ಬೇಕು. ಅಷ್ಟು ಹೊತ್ತು ವ್ಯವಹಾರ ನಿಲ್ಲಿಸಲು ಸಾಧ್ಯವಿಲ್ಲದವರು ಕಚೇರಿಯಲ್ಲೂ ಒಂದು ಹಾರ್ಡ್ ಡಿಸ್ಕಿನಲ್ಲಿ ಪ್ರತಿ ಇಡಲಿ, ಆದರೆ ರಾನ್ಸಮ್‌ವೇರ್ ಅದನ್ನೂ ಕೆಡಿಸದಂತೆ, ಬ್ಯಾಕಪ್ ಮುಗಿದೊಡನೆ ಅದರ ಕೇಬಲ್ ಕಳಚಲಿ.

ಎನ್‌ಕ್ರಿಪ್ಶನ್ ಕೀಲಿ (ಗೂಢಲಿಪಿಯಲ್ಲಿ ಇಟ್ಟ ಪ್ರತಿಯನ್ನು ಮತ್ತೆ ಓದಲು ಬೇಕಾದ ಗುಪ್ತ ಸಂಕೇತ) ನಿಮ್ಮ ಬಳಿಯೇ ಇರುವುದಾದರೆ ಅದನ್ನು ಕಾಗದದಲ್ಲಿ ಬರೆದು ಬೇರೆಡೆ ಭದ್ರವಾಗಿಡಿ, ಏಕೆಂದರೆ ಕೀಲಿ ಕಳೆದರೆ ಸೇವಾದಾರರೂ ಏನೂ ಮಾಡಲಾರರು. ‘ಬ್ಯಾಕಪ್ ಯಶಸ್ವಿ’ ಎಂಬ ಇಮೇಲ್ ನನಗಂತೂ ಸಾಕೆನಿಸುವುದಿಲ್ಲ. ಮೂರು ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರಿಗೆ ಕೆಲವು ಕಡತಗಳನ್ನು ಮರಳಿ ಇಳಿಸಿ, ತೆರೆದು, ಕೊನೆಯ ಬಿಲ್ಲಿನ ಸಂಖ್ಯೆ ತಾಳೆಯಾಗುತ್ತದೆಯೇ ಎಂದು ನೋಡುವುದು ಒಳಿತು.