ಅಡಿಕೆ ಚಪ್ಪರದಲ್ಲೊಂದು ಚಮಚ

ಹೊಸನಗರ ತಾಲ್ಲೂಕಿನ ಒಂದು ಮಜರೆಯಲ್ಲಿ ನಾನು ಅಂಗನವಾಡಿ ಟೀಚರ್. ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರ ಅಪ್ಪ ಅಮ್ಮ ತೋಟದ ಕೂಲಿಯವರು. ಮಳೆಗಾಲದಲ್ಲಿ ಕೆಲಸ ಕಡಿಮೆ. ಅಡಿಕೆ ಗೊನೆಯ ಕೊಯ್ಲು ಶುರುವಾಯಿತೋ, ಹಗಲು ತೋಟ, ಸಂಜೆ ಮೇಲೆ ಅಡಿಕೆ ಸುಲಿತ. ಸುಲಿದ ಡಬ್ಬದ ಲೆಕ್ಕಕ್ಕೆ ದುಡ್ಡು. ಹಾಗಾಗಿ ರಾತ್ರಿ ಹತ್ತಾದರೂ ಯಾರೂ ಮೆಟ್ಟುಗತ್ತಿ ಬಿಟ್ಟು ಏಳುವುದಿಲ್ಲ.

2023ರ ಕಾರ್ತಿಕದಲ್ಲಿ ಎರಡು ವರ್ಷ ದಾಟಿದ ಒಂದು ಹೆಣ್ಣುಮಗುವಿನ ತೋಳಿಗೆ ಅಳತೆ ಪಟ್ಟಿ ಸುತ್ತಿದೆ. ಪಟ್ಟಿಯಲ್ಲಿ ಮೂರು ಬಣ್ಣ. 12.5 ಸೆಂ.ಮೀ. ಮೇಲಿದ್ದರೆ ಹಸಿರು, ಅಲ್ಲಿಂದ 11.5ರವರೆಗೆ ಹಳದಿ, ಅದಕ್ಕೂ ಕೆಳಗೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಪುಟ್ಟಿಯದು 11.3. ನನ್ನ ಕೈ ತಪ್ಪಿರಬೇಕು ಅಂತ ಮತ್ತೊಮ್ಮೆ ಸುತ್ತಿದೆ. ಅಷ್ಟೇ ಬಂತು. ತೂಕ 8 ಕೆಜಿ 200 ಗ್ರಾಂ.

ಇಂಥ ಮಕ್ಕಳಿಗೆ ಶಿವಮೊಗ್ಗದಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರ ಇದೆ. 14 ದಿನ ತಾಯಿ ಮಗು ಇಬ್ಬರೂ ಇರಬೇಕು. ಊಟ, ಔಷಧಿ ಅವರದೇ, ಕೂಲಿ ಹೋದದ್ದಕ್ಕೂ ಸ್ವಲ್ಪ ದುಡ್ಡು ಕೊಡುತ್ತಾರೆ. ತಾಯಿಗೆ ಹೇಳಿದೆ. "ನಾನು ಅಲ್ಲಿ ಹೋಗಿ ಕೂತ್ರೆ ಉಳಿದ ಎರಡಕ್ಕೆ ಯಾರು ಬೇಯಿಸಿ ಹಾಕ್ತಾರೆ ಟೀಚರೇ? ಕೊಯ್ಲು ಮುಗೀಲಿ" ಅಂದಳು. ನಾನು ಬೈದೆ. ಬೈಯಬಾರದಿತ್ತು.

ಆ ರಾತ್ರಿ ಆ ಮನೆಗೆ ಏನೇನು ಬರುತ್ತದೆ ಅಂತ ಲೆಕ್ಕ ಹಾಕಿದೆ. ಅನ್ನಭಾಗ್ಯದ ಅಕ್ಕಿ ಬರುತ್ತಿತ್ತು. ಹೆಚ್ಚುವರಿ 5 ಕೆಜಿ ಬದಲು ತಲೆಗೆ 170 ರೂಪಾಯಿಯೂ ಆಗ ಬರುತ್ತಿತ್ತು. ಗೃಹಲಕ್ಷ್ಮಿಯ 2,000 ಬರುತ್ತಿತ್ತು, ಆದರೆ ಅತ್ತೆಯ ಖಾತೆಗೆ. ಕಾರ್ಡಿನಲ್ಲಿ ಯಜಮಾನಿ ಅತ್ತೆ ಅಲ್ವಾ. ಅದು ಸಂಘದ ಕಂತಿಗೆ ಹೋಗುತ್ತಿತ್ತು. ಶಕ್ತಿ ಯೋಜನೆ ಅಂದರೆ ನಮ್ಮ ಕಡೆ ನಗು ಬರುತ್ತದೆ. ನಮ್ಮ ರಸ್ತೆಗೆ ಸರ್ಕಾರಿ ಬಸ್ಸೇ ಇಲ್ಲ, ಖಾಸಗಿ ಬಸ್ಸಿನವರು ಪೂರ್ತಿ ಟಿಕೆಟ್ ಹರಿಯುತ್ತಾರೆ. ಇನ್ನು ನಾವು ಕೊಡುವ ಪೌಷ್ಟಿಕ ಹಿಟ್ಟಿನ ಪೊಟ್ಟಣ, ಪುಷ್ಟಿ. ಅದು ಪುಟ್ಟಿಯ ಹೆಸರಿಗೆ ಹೋಗಿ ಮೂರು ಮಕ್ಕಳ ಹೊಟ್ಟೆಗೆ ಬೀಳುತ್ತಿತ್ತು. ಹಸಿದ ಅಣ್ಣನ ಮುಂದೆ ತಂಗಿಗೆ ಮಾತ್ರ ತಿನ್ನಿಸು ಅಂತ ಯಾವ ತಾಯಿಗೆ ಹೇಳುವುದು?

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸಿದೆ. ಜ್ವರ ಇಲ್ಲ, ಕಾಲಲ್ಲಿ ಬಾವು ಇಲ್ಲ, ಕೊಟ್ಟರೆ ಗಬಗಬ ತಿನ್ನುತ್ತಾಳೆ. ವಾರ ವಾರ ತೋರಿಸುವುದಾದರೆ ಊರಲ್ಲೇ ನೋಡೋಣ, ಸ್ವಲ್ಪ ಹುಷಾರಿಲ್ಲ ಅನ್ನಿಸಿದರೂ ಸೀದಾ ಶಿವಮೊಗ್ಗ ಅಂದರು. ಮೂರು ತುಂಬದವರಿಗೆ ನಮ್ಮಲ್ಲಿ ಕೂತು ಉಣ್ಣುವ ಲೆಕ್ಕ ಇಲ್ಲ, ಪೊಟ್ಟಣ ಮನೆಗೆ. ಕೂಲಿಯವರ ಪುಟ್ಟ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೂಸಿನ ಮನೆ ಇರುವುದು ಪಂಚಾಯ್ತಿ ಊರಲ್ಲಿ, ನಾಲ್ಕು ಕಿಲೋಮೀಟರ್ ಆಚೆ. ಹಾಗಾಗಿ ಅಣ್ಣನ ಜೊತೆ ಇವಳನ್ನೂ ಅಂಗನವಾಡಿಗೇ ಕಳಿಸು ಅಂತ ತಾಯಿಗೆ ಅಂದೆ. ಹಾಲು, ಮೊಟ್ಟೆ, ಅನ್ನಕ್ಕೆ ಒಂದು ಚಮಚ ಎಣ್ಣೆ ಜಾಸ್ತಿ. ತೀವ್ರ ಅಪೌಷ್ಟಿಕ ಮಗುವಿನ ಊಟಕ್ಕೆ ಸರ್ಕಾರದಿಂದ ಆಗ ಬರುತ್ತಿದ್ದದ್ದು ದಿನಕ್ಕೆ 12 ರೂಪಾಯಿ, ಉಳಿದ ಮಕ್ಕಳಿಗೆ 8. ಅದು 2017ರ ದರ. ಒಂದು ಮೊಟ್ಟೆಗೇ ಆರು ರೂಪಾಯಿ ದಾಟಿತ್ತು. ಕೆಲವು ದಿನ ಕೈಯಿಂದ ಹಾಕಿದೆ.

ಎರಡು ವಾರವಾದರೂ ಪಟ್ಟಿ ಅಲ್ಲಾಡಲಿಲ್ಲ. ನಾಲ್ಕು ಗಂಟೆಯ ನಂತರ ಮಗು ಏನು ತಿನ್ನುತ್ತದೆ ಅಂತ ನೋಡಲು ಒಂದು ಸಂಜೆ ಸುಲಿಯುವ ಚಪ್ಪರಕ್ಕೇ ಹೋದೆ. ಬಲ್ಬಿನ ಕೆಳಗೆ ಎಂಟು ಹತ್ತು ಜನ, ಮಧ್ಯೆ ಸಿಪ್ಪೆ ರಾಶಿ. ಪುಟ್ಟಿ ಗೋಣಿಚೀಲದ ಮೇಲೆ ಕೂತಿದ್ದಳು. ತಾಯಿ ಒಂದು ತುತ್ತು ಕಲಸಿ ಬಾಯಿಗಿಟ್ಟಳು. ಮಗು ಥೂ ಅಂತ ಉಗುಳಿತು. ಇನ್ನೊಂದು ತುತ್ತು, ಅದೂ ಅಷ್ಟೇ. "ರಾತ್ರಿ ಹೊತ್ತು ಇದಕ್ಕೆ ಊಟವೇ ಸೇರಲ್ಲ" ಅಂದಳು. ಅವಳ ಬೆರಳು ನೋಡಿದೆ. ಅಡಿಕೆಯ ಚೊಗರು ಹತ್ತಿ ಕಪ್ಪಾಗಿದ್ದವು. ಎಷ್ಟು ತೊಳೆದರೂ ಹೋಗುವುದಲ್ಲ ಅದು. ಆ ಒಗರು ಯಾವ ಮಗುವಿಗೆ ಸೇರುತ್ತದೆ? ಅಡಿಕೆ ಸುಲಿಸುವವರ ಮನೆಯಿಂದಲೇ ಒಂದು ಚಮಚ ಇಸಿದುಕೊಂಡು ಕೊಟ್ಟೆ. ಬಟ್ಟಲು ಖಾಲಿ.

ನನ್ನ ಅಷ್ಟು ವರ್ಷದ ತರಬೇತಿಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ಮನೆಯೊಡತಿಯನ್ನು ಕೇಳಿಕೊಂಡೆ. "ಅಕ್ಕಾ, ಏಳು ಗಂಟೆಗೆ ಹತ್ತು ನಿಮಿಷ ಇವಳು ಏಳಲಿ, ನೀವೇ ನೆನಪು ಮಾಡಿ." ಅವರು ಒಪ್ಪಿದರು. ಪುಷ್ಟಿಗೆ ಹಾಕಲು ತುಪ್ಪವನ್ನೂ ಕೊಡುತ್ತಿದ್ದರು. ಚಮಚ ಗೋಡೆಯ ಗೂಡಿನಲ್ಲಿ ಉಳಿಯಿತು.

ಸಂಕ್ರಾಂತಿಗೆ ತೋಳು 11.7. ನಡುವೆ ಜ್ವರ ಬಂದು ಒಂದಿಷ್ಟು ಇಳಿಯಿತು, ಡಾಕ್ಟರ್ ಹತ್ತಿರ ಓಡಿದೆವು. ಶಿವರಾತ್ರಿ ಹೊತ್ತಿಗೆ 12.1, ತೂಕ ಒಂಬತ್ತೂವರೆ ಕೆಜಿ. ಹಸಿರಿಗೆ ಬರಲು ಮಳೆಗಾಲ ಬಂತು.

ಗೃಹಲಕ್ಷ್ಮಿ ವಿಷಯದಲ್ಲಿ ನಾನು ಸೋತೆ. ಅಜ್ಜಿಗೆ ಹೇಳಿ ಹೇಳಿ ಎರಡು ತಿಂಗಳು ಒಂದೊಂದು ಟ್ರೇ ಮೊಟ್ಟೆ ತರಿಸಿದೆ. ಮೂರನೇ ತಿಂಗಳು ಕಂತಿನವರು ಬಾಗಿಲಿಗೆ ಬಂದರು, ಮೊಟ್ಟೆ ನಿಂತಿತು. ಅಜ್ಜಿಯನ್ನು ದೂರುವ ಹಾಗಿಲ್ಲ, ಆ ಸಾಲ ತೆಗೆದದ್ದು ಮನೆಯ ಮಾಡಿಗೆ ಶೀಟು ಹಾಕಿಸಲು.

ಪುಟ್ಟಿಗೆ ಮೂರು ತುಂಬಿದ ಮೇಲೆ ನಮ್ಮಲ್ಲೇ ಕೂತು ಉಣ್ಣತೊಡಗಿದಳು. ಮುಂದಿನ ಕೊಯ್ಲಿಗೆ ಆ ಚಪ್ಪರಕ್ಕೆ ಹೋದಾಗ ಚಮಚ ಗೂಡಿನಲ್ಲಿ ಇರಲಿಲ್ಲ. ಹೊಸದಾಗಿ ಬಂದ ಕೆಲಸದವರ ಮಗುವಿನ ಬಟ್ಟಲಲ್ಲಿತ್ತು.