ಲೈಕ್ರಾ ಬಟ್ಟೆಯ ಕೆಳಮಡಿಕೆಗೆ ಫ್ಲಾಟ್‌ಲಾಕ್ ಟೆನ್ಷನ್ ಹಿಡಿಯುವ ಬಗೆ

ಹಿಗ್ಗುವ ಬಟ್ಟೆಯ ಅಂಚನ್ನು ಮಡಚಿ ಹೊಲಿಯುವ ಫ್ಲಾಟ್‌ಲಾಕ್ ಮಷಿನ್ನನ್ನು ಕಂತಿನಲ್ಲಿ ಕೊಂಡು ಮನೆಯಲ್ಲಿಯೇ ಟೀ ಶರ್ಟು, ಲೆಗ್ಗಿಂಗ್ಸು, ಮಕ್ಕಳ ನೈಟ್‌ಡ್ರೆಸ್ಸು ಹೊಲಿಯುವ ಹುಡುಗಿಯರು ಈಗ ನಮ್ಮ ಬೀದಿಯಲ್ಲಿಯೇ ಹಲವರಿದ್ದಾರೆ. ಅವರ ಕಟಿಂಗ್ ಚೆನ್ನಾಗಿರುತ್ತದೆ, ಅಂಚು ಸುತ್ತಿ ಹೊಲಿಯುವ ಓವರ್‌ಲಾಕ್ ಜೋಡಣೆಯೂ ಅಚ್ಚುಕಟ್ಟಾಗಿರುತ್ತದೆ, ಕೆಳಮಡಿಕೆಗೆ ಬಂದಾಗ ಮಾತ್ರ ಎಲ್ಲವೂ ಕೆಡುತ್ತದೆ. ಎರಡು ಹೊಲಿಗೆಯ ಸಾಲುಗಳ ನಡುವೆ ಹೊಲದ ಬದುವಿನಂತೆ ಬಟ್ಟೆ ಉಬ್ಬಿ ನಿಂತಿರುತ್ತದೆ, ಇಲ್ಲವೇ ತೊಟ್ಟ ಮೊದಲ ದಿನವೇ ದಾರ ಪಟಪಟನೆ ಕಿತ್ತುಹೋಗುತ್ತದೆ. ಏಕಮ್ಮ ಹೀಗಾಯಿತು ಎಂದು ಕೇಳಿದರೆ, "ಮಷಿನ್ನೇ ಸರಿಯಿಲ್ಲ ಆಂಟಿ, ಮೆಕ್ಯಾನಿಕ್ಕಿಗೆ ಫೋನ್ ಮಾಡಿದ್ದೇನೆ" ಎಂಬ ಉತ್ತರ ಬರುತ್ತದೆ. ಹೋಗಿ ನೋಡಿದರೆ ಮಷಿನ್ನು ಚಿನ್ನದಂಥದ್ದೇ ಆಗಿರುತ್ತದೆ. ದಾರದ ಬಿಗಿಯನ್ನು, ಅಂದರೆ ಟೆನ್ಷನ್ನನ್ನು, ಹೆಚ್ಚು ಕಡಿಮೆ ಮಾಡುವ ಮೂರು ತಿರುಪುಗಳನ್ನೂ ಒಟ್ಟಿಗೇ ತಿರುಗಿಸಿ, ಯಾವುದು ಎಲ್ಲಿತ್ತು ಎಂಬುದೇ ಗೊತ್ತಾಗದಂತೆ ಮಾಡಿಟ್ಟಿರುತ್ತಾರೆ. ಇದನ್ನು ನೋಡಿ ನೋಡಿ ಸಾಕಾಗಿ ಬರೆಯುತ್ತಿದ್ದೇನೆ.

ಮೊದಲು ಈ ಮಷಿನ್ನಿನ ಗುಣವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಮಾಮೂಲಿ ಹೊಲಿಗೆ ಯಂತ್ರದಲ್ಲಿರುವಂತೆ ಇದರಲ್ಲಿ ಬಾಬಿನ್ ಇಲ್ಲ. ಮೇಲಿನಿಂದ ಎರಡು ಅಥವಾ ಮೂರು ಸೂಜಿಗಳ ದಾರ ಬಟ್ಟೆಯನ್ನು ತೂರಿ ಕೆಳಗಿಳಿಯುತ್ತದೆ, ಕೆಳಗೆ ಲೂಪರ್ ಎಂಬ ಒಂದೇ ಒಂದು ಕೊಕ್ಕೆ ಆ ದಾರಗಳ ಕುಣಿಕೆಗಳೊಳಗೆ ತನ್ನ ದಾರವನ್ನು ಅತ್ತಿಂದಿತ್ತ ಹೆಣೆಯುತ್ತಾ ಹೋಗುತ್ತದೆ. ಗಾರ್ಮೆಂಟ್ಸಿನ ಕಾಗದಗಳಲ್ಲಿ ಎರಡು ಸೂಜಿಯ ಈ ಹೊಲಿಗೆಯನ್ನು 406 ಎಂದೂ ಮೂರು ಸೂಜಿಯದನ್ನು 407 ಎಂದೂ ಬರೆದಿರುತ್ತಾರೆ. ಬಟ್ಟೆಯನ್ನು ಎಳೆದಾಗ ಹೊಲಿಗೆಯೂ ಅದರೊಡನೆ ಹಿಗ್ಗುವುದು ಈ ಹೆಣಿಗೆಯಲ್ಲಿ ಮಿಗತೆಯಾಗಿ ಕುಳಿತಿರುವ ದಾರದಿಂದ. ಟೆನ್ಷನ್ ಬಿಗಿ ಮಾಡಿದಷ್ಟೂ ಆ ಮಿಗತೆಯ ದಾರ ಕಡಿಮೆಯಾಗುತ್ತದೆ, ಆದ್ದರಿಂದ ಬಿಗಿಯಾದ ಹೊಲಿಗೆಯೇ ಗಟ್ಟಿ ಹೊಲಿಗೆ ಎಂಬ ನಿಮ್ಮ ನಂಬಿಕೆಯನ್ನು ಲೈಕ್ರಾ ಬಟ್ಟೆಯ ಮುಂದೆ ಬಿಟ್ಟುಬಿಡಿ.

ತಿರುಪಿಗೆ ಕೈ ಹಾಕುವ ಮುನ್ನ ನೋಡಬೇಕಾದದ್ದು ಬೇರೆ ಇದೆ. ದಾರ ಪೋಣಿಸುವಾಗ, ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಷರ್ ಫೂಟನ್ನು ಎತ್ತಿರಬೇಕು. ಆಗ ಮಾತ್ರ ಟೆನ್ಷನ್ ತಟ್ಟೆಗಳು ಬಿಚ್ಚಿಕೊಂಡು ದಾರ ಅವುಗಳ ನಡುವೆ ಸರಿಯಾಗಿ ಇಳಿಯುತ್ತದೆ. ಎರಡು ಕೈಗಳಲ್ಲಿ ದಾರವನ್ನು ಹಿಡಿದು, ತಟ್ಟೆಗಳ ನಡುವೆ ಒಮ್ಮೆ ಹಿಂದೆ ಮುಂದೆ ಎಳೆದು ಕೂರಿಸಿ. ಬಳಿಕ ಫೂಟನ್ನು ಇಳಿಸಿ ದಾರ ಎಳೆದರೆ ಕೈಗೆ ಒಂದು ಹಿಡಿತ ಸಿಗಬೇಕು, ಎತ್ತಿ ಎಳೆದರೆ ಸಲೀಸಾಗಿ ಬರಬೇಕು. ಇಳಿಸಿದಾಗಲೂ ಸಲೀಸಾಗಿ ಬಂದರೆ ದಾರ ತಟ್ಟೆಯ ಹೊರಗೇ ಇದೆಯೆಂದು ಅರ್ಥ. ಅದನ್ನು ನೋಡದೆ ನೀವು ಎಷ್ಟು ತಿರುಗಿಸಿದರೂ ಏನೂ ಆಗದು. ತಟ್ಟೆಗಳ ನಡುವೆ ಬಟ್ಟೆಯ ನಯವಾದ ಧೂಳು ಸೇರಿಕೊಂಡಿದ್ದರೂ ಇದೇ ಕಥೆ. ಹಳೆಯ ಹತ್ತಿ ಬಟ್ಟೆಯ ಒಂದು ಚೂರನ್ನು ನಡುವೆ ತೂರಿಸಿ ಎಳೆದರೆ ಅದು ಹೊರಗೆ ಬರುತ್ತದೆ.

ಸೂಜಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಸಿಂಗಲ್ ನೀಡಲ್ ಮಷಿನ್ನಿನ ಡಿಬಿ ಸೂಜಿಯನ್ನು ಇದಕ್ಕೆ ಸಿಕ್ಕಿಸಿ ಹೊಲಿಗೆ ಬಿಡುತ್ತದೆ ಎಂದು ಅಳುವವರಿದ್ದಾರೆ. ಕಾರ್ಖಾನೆಯ ಫ್ಲಾಟ್‌ಲಾಕ್ ಮಷಿನ್ನುಗಳಿಗೆ ಸಾಮಾನ್ಯವಾಗಿ ಯುವೈ 128 ಜಾತಿಯ ಸೂಜಿ ಬೇಕು, ಅದರಲ್ಲೂ ಹಿಗ್ಗುವ ಬಟ್ಟೆಗೆ ತುದಿ ದುಂಡಾದ ಬಾಲ್ ಪಾಯಿಂಟ್ ಬೇಕು. ಚೂಪು ತುದಿ ಬಟ್ಟೆಯ ಎಳೆಗಳನ್ನೇ ಕತ್ತರಿಸಿ, ಒಂದೆರಡು ಒಗೆತದೊಳಗೆ ಸಾಲುಸಾಲು ತೂತು ಮಾಡುತ್ತದೆ. ಎರಡು ಸೂಜಿಗಳ ತುದಿಗಳು ಒಂದೇ ಎತ್ತರದಲ್ಲಿ ಇಲ್ಲವೆಂದು ಗಾಬರಿಯಾಗಿ ಸಮ ಮಾಡಲು ಹೋಗಬೇಡಿ, ಅವು ಹಾಗೆಯೇ ಇರಬೇಕು.

ಈಗ ನಾನು ಬಿಡದೆ ಪಾಲಿಸುವ, ಎಲ್ಲರೂ "ಇಷ್ಟೆಲ್ಲಾ ಯಾರು ಮಾಡುತ್ತಾರೆ" ಎಂದು ಮೂಗು ಮುರಿಯುವ ಮೂರು ಬಣ್ಣದ ದಾರದ ಪರೀಕ್ಷೆಗೆ ಬರುತ್ತೇನೆ. ಇದನ್ನು ನನಗೆ ಕಲಿಸಿದವರು ಪೀಣ್ಯದ ಕಡೆ ನಾನು ಕೆಲಸಕ್ಕೆ ಸೇರಿದ ಗಾರ್ಮೆಂಟ್ಸಿನಲ್ಲಿ ನಮ್ಮ ಲೈನಿನ ಹಿರಿಯ ಆಪರೇಟರ್ ಆಗಿದ್ದ, ಮಾಗಡಿ ಕಡೆಯ ಒಬ್ಬ ಹೆಂಗಸು. ಸ್ಟೈಲ್ ಬದಲಾಗಿ ಹೊಸ ಬಟ್ಟೆಯ ಬಂಡಲ್ ಬಂದಾಗ ಉಳಿದವರೆಲ್ಲ ನೇರವಾಗಿ ಪೀಸು ಎತ್ತಿಕೊಂಡರೆ, ಅವರು ಮಾತ್ರ ಸೂಪರ್‌ವೈಸರ್ ಎಷ್ಟು ಕೂಗಾಡಿದರೂ ತಮ್ಮ ಬಣ್ಣದ ದಾರದ ಕೋನುಗಳನ್ನು ಹಾಕಿ ಒಂದು ಪಟ್ಟಿ ಹೊಲಿದು, ಅದನ್ನು ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಕೆಲಸ ಶುರು ಮಾಡುತ್ತಿದ್ದರು. ಸಂಜೆ ಚೆಕ್ಕಿಂಗ್ ಟೇಬಲ್ಲಿನಿಂದ ಬಿಚ್ಚಿ ಹೊಲಿಯಲು ಹಿಂದಿರುಗಿ ಬರುತ್ತಿದ್ದ ಪೀಸುಗಳಲ್ಲಿ ಅವರದು ಇರುತ್ತಿರಲಿಲ್ಲ. "ದಾರ ಮಾತಾಡುತ್ತದೆ ಕಣಮ್ಮಾ, ಮೂರೂ ಬಿಳಿ ಹಾಕಿದರೆ ಯಾವುದು ಮಾತಾಡಿತು ಅಂತ ನಿನಗೆ ಹೇಗೆ ತಿಳಿಯಬೇಕು?" ಎಂದು ಅವರು ಕೇಳಿದ್ದು ನನಗೆ ಇಂದಿಗೂ ಸರಿಯೆನಿಸುತ್ತದೆ.

ಎರಡು ಸೂಜಿಯ ಹೊಲಿಗೆಗೆ ಮಾಡುವುದು ಹೀಗೆ. ಎಡ ಸೂಜಿಗೆ ಕೆಂಪು, ಬಲ ಸೂಜಿಗೆ ಹಸಿರು, ಲೂಪರಿಗೆ ಬಿಳಿ ದಾರ ಹಾಕಿ. ಬಣ್ಣ ಯಾವುದಾದರೂ ಆದೀತು, ಆದರೆ ನೀವು ನಿಜವಾಗಿ ಹೊಲಿಯಲಿರುವ ದಾರ ಯಾವ ದಪ್ಪದ್ದೋ ಯಾವ ಜಾತಿಯದ್ದೋ ಇವೂ ಅದೇ ಆಗಿರಬೇಕು. ಲೂಪರಿಗೆ ಉಣ್ಣೆಯ ಹಾಗೆ ಮೆತ್ತಗಿರುವ ಟೆಕ್ಸ್ಚರ್ ದಾರ ಹಾಕುವವರು ಪರೀಕ್ಷೆಗೂ ಅದನ್ನೇ ಹಾಕಲೇಬೇಕು, ಏಕೆಂದರೆ ಅದಕ್ಕೆ ಮಾಮೂಲಿ ದಾರಕ್ಕಿಂತ ಬಹಳ ಸಡಿಲವಾದ ಟೆನ್ಷನ್ ಸಾಕು. ಇನ್ನು ಪಟ್ಟಿಯನ್ನು ಅದೇ ಬಟ್ಟೆಯಿಂದ, ಬಟ್ಟೆ ಹೆಚ್ಚು ಹಿಗ್ಗುವ ಅಡ್ಡ ದಿಕ್ಕಿನಲ್ಲಿಯೇ, ಮೊಳದುದ್ದ ಕತ್ತರಿಸಿಕೊಳ್ಳಿ. ಉದ್ದ ದಿಕ್ಕಿನಲ್ಲಿ ಕತ್ತರಿಸಿದ ಪಟ್ಟಿಯ ಮೇಲೆ ಚೆನ್ನಾಗಿ ಬಂದ ಹೊಲಿಗೆಗೆ ಬೆಲೆಯಿಲ್ಲ, ಕೆಳಮಡಿಕೆ ಸುತ್ತ ಹೋಗುವುದು ಅಡ್ಡಕ್ಕೆ. ನಿಜವಾದ ಮಡಿಕೆ ಎಷ್ಟು ಅಗಲವೋ ಅಷ್ಟೇ ಮಡಚಿ, ಇಸ್ತ್ರಿ ಹಾಕಿ, ನಡುವೆ ಓವರ್‌ಲಾಕ್ ಮಾಡಿದ ಒಂದು ಜೋಡಣೆಯೂ ಬರುವಂತೆ ನೋಡಿಕೊಳ್ಳಿ.

ಹೊಲಿದ ಪಟ್ಟಿಯನ್ನು ಮೊದಲು ಹಿಂಬದಿ ತಿರುಗಿಸಿ ನೋಡಿ. ಅಲ್ಲಿ ಬಿಳಿ ದಾರದ ಹೆಣಿಗೆ ಕಾಣಬೇಕು, ಅದರ ಎರಡು ಅಂಚಿನಲ್ಲಿ ಕೆಂಪು ಮತ್ತು ಹಸಿರು ಕೇವಲ ಚುಕ್ಕೆಗಳಂತೆ ಇಣುಕಬೇಕು. ಕೆಂಪು ಉದ್ದುದ್ದ ಕುಣಿಕೆಯಾಗಿ ಜೋತು ಬಿದ್ದಿದ್ದರೆ ಎಡ ಸೂಜಿಯ ಟೆನ್ಷನ್ ಸಡಿಲ, ಹಸಿರು ಜೋತಿದ್ದರೆ ಬಲ ಸೂಜಿ ಸಡಿಲ. ಬಿಳಿಯೇ ಎಲ್ಲೆಂದರಲ್ಲಿ ಜೋಲುತ್ತಿದ್ದರೆ ಲೂಪರ್ ಸಡಿಲ. ಇಂಥ ಲೆಗ್ಗಿಂಗ್ಸನ್ನು ತೊಡುವಾಗ ಕಾಲ್ಬೆರಳು ಸಿಕ್ಕಿ ಹೊಲಿಗೆ ಬಿಚ್ಚುತ್ತದೆ. ಈಗ ಮುಂಬದಿ ತಿರುಗಿಸಿ. ಸೂಜಿ ಇಳಿದ ಜಾಗದಲ್ಲಿ ಬಿಳಿ ಮೇಲೆ ಬಂದು ಕಾಣುತ್ತಿದ್ದರೆ ಆ ಸಾಲಿನ ಸೂಜಿ ಬಿಗಿಯಾಗಿದೆ. ಬಳಿಕ ಅಳತೆ ಪಟ್ಟಿ ತೆಗೆದುಕೊಂಡು ಎರಡು ಸಾಲುಗಳ ನಡುವಿನ ಅಂತರವನ್ನು ಅಳೆಯಿರಿ. ನಿಮ್ಮ ಸೂಜಿಗಳ ಅಂತರ ಕಾಲಂಗುಲ, ಅಂದರೆ 6.4 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಬಟ್ಟೆಯ ಮೇಲೆ ಅದು 5 ಮಿಲಿಮೀಟರಿಗೆ ಇಳಿದಿದ್ದರೆ ಲೂಪರ್ ದಾರ ಎರಡು ಸಾಲುಗಳನ್ನೂ ಒಂದರ ಕಡೆಗೊಂದು ಎಳೆಯುತ್ತಿದೆ, ಆ ಎಳೆತಕ್ಕೆ ನಡುವಿನ ಬಟ್ಟೆ ಮೇಲೆದ್ದಿದೆ. ನಡುವಿನ ಉಬ್ಬಿಗೆ ಕಾರಣ ಹೆಚ್ಚಿನ ಸಲ ಇದೇ. ಅದಕ್ಕೆ ಮೊದಲು ಸಡಿಲಿಸಬೇಕಾದದ್ದು ಲೂಪರ್. ಸೂಜಿಗಳ ತಿರುಪನ್ನು ಮುಟ್ಟಬೇಕಾದದ್ದು ಅದರಿಂದ ಆಗದಿದ್ದರೆ ಮಾತ್ರ.

ಆಮೇಲೆ ಎಳೆದು ನೋಡುವುದು. ಪಟ್ಟಿಯ ಎರಡು ತುದಿ ಹಿಡಿದು, ಆ ಬಟ್ಟೆಯನ್ನು ತೊಡುವಾಗ ಅದು ಎಷ್ಟು ಹಿಗ್ಗುತ್ತದೋ ಅದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಎಳೆಯಿರಿ. ಕೆಂಪು ಕಿತ್ತರೆ ಎಡ ಸೂಜಿಯನ್ನು, ಹಸಿರು ಕಿತ್ತರೆ ಬಲ ಸೂಜಿಯನ್ನು, ಬಿಳಿ ಕಿತ್ತರೆ ಲೂಪರನ್ನು ಸಡಿಲಿಸಿ. ಒಂದು ಸಲಕ್ಕೆ ಒಂದೇ ತಿರುಪು, ಅದೂ ಕಾಲು ಸುತ್ತಿಗಿಂತ ಹೆಚ್ಚಿಲ್ಲ. ಪ್ರತಿ ಸಲವೂ ಗೇಣುದ್ದ ಹೊಲಿದು ಮತ್ತೆ ನೋಡಿ. ಸಡಿಲಿಸಿದ ಮೇಲೂ ಸೂಜಿ ದಾರ ಕಿತ್ತರೆ ಹೊಲಿಗೆಯ ಉದ್ದವನ್ನು ಕಡಿಮೆ ಮಾಡಿ, ಅಂಗುಲಕ್ಕೆ 10ರಿಂದ 12 ಹೊಲಿಗೆ ಬೀಳುವಂತಿರಲಿ. ಚಿಕ್ಕ ಹೊಲಿಗೆಯಲ್ಲಿ ಅದೇ ಜಾಗಕ್ಕೆ ಹೆಚ್ಚು ದಾರ ಇಳಿಯುವುದರಿಂದ ಹಿಗ್ಗುವ ಶಕ್ತಿ ಹೆಚ್ಚುತ್ತದೆ. ಎಲ್ಲ ಸರಿಹೋದಾಗ ಆ ಪಟ್ಟಿಯನ್ನು ಎಸೆಯಬೇಡಿ; ಬಟ್ಟೆಯ ಹೆಸರು, ತಿರುಪುಗಳ ಸ್ಥಾನವನ್ನು ಬರೆದು ಒಂದು ನೋಟ್‌ಬುಕ್ಕಿಗೆ ಪಿನ್ ಮಾಡಿಡಿ. ಕಾರ್ಖಾನೆಯ ಮಷಿನ್ನಿನ ತಿರುಪಿನ ಮೇಲೆ ಅಂಕಿಗಳಿಲ್ಲದಿದ್ದರೆ ನೇಲ್ ಪಾಲಿಶಿನಿಂದ ಒಂದು ಚುಕ್ಕೆ ಇಟ್ಟುಕೊಳ್ಳಿ. ಕೊನೆಗೆ ನಿಜವಾದ ದಾರ ಹಾಕುವಾಗ ಎಲ್ಲವನ್ನೂ ಕಿತ್ತು ಹೊಸದಾಗಿ ಪೋಣಿಸಬೇಕಾಗಿಲ್ಲ, ಕೋನಿನ ಬಳಿ ಕತ್ತರಿಸಿ, ಹೊಸ ದಾರಕ್ಕೆ ಗಂಟು ಹಾಕಿ, ಫೂಟ್ ಎತ್ತಿ ಮೆಲ್ಲನೆ ಎಳೆದುಕೊಳ್ಳಿ. ಸೂಜಿಯ ಕಣ್ಣಿನ ಬಳಿ ಮಾತ್ರ ಗಂಟನ್ನು ಕತ್ತರಿಸಿ ಕೈಯಿಂದ ಪೋಣಿಸಿ. ಕಡು ಬಣ್ಣದ ದಾರ ಕೆಲವೊಮ್ಮೆ ತಟ್ಟೆಯಲ್ಲಿ ಬೇರೆ ರೀತಿ ಜಾರುವುದರಿಂದ ಕೊನೆಯದಾಗಿ ಇನ್ನೊಂದು ಗೇಣು ಹೊಲಿದು ನೋಡುವುದು ಒಳ್ಳೆಯದು.

ಅಂಚು ಅಲೆ ಅಲೆಯಾಗಿ ಹಿಗ್ಗಿಕೊಂಡರೆ ಅದು ಟೆನ್ಷನ್ನಿನ ತಪ್ಪಲ್ಲ, ಅದಕ್ಕಾಗಿ ತಿರುಪು ಮುಟ್ಟಬೇಡಿ. ಫೂಟಿನ ಒತ್ತಡವನ್ನು ಇಳಿಸಿ, ಡಿಫರೆನ್ಷಿಯಲ್ ಫೀಡನ್ನು, ಅಂದರೆ ಬಟ್ಟೆಯನ್ನು ಕೆಳಗಿನಿಂದ ಸಾಗಿಸುವ ಮುಂದಿನ ಮತ್ತು ಹಿಂದಿನ ಹಲ್ಲುಗಳ ಚಲನೆಯ ವ್ಯತ್ಯಾಸವನ್ನು, ಸ್ವಲ್ಪ ಏರಿಸಿ; ಮುಂದಿನ ಹಲ್ಲು ಹಿಂದಿನದಕ್ಕಿಂತ ಹೆಚ್ಚು ಬಟ್ಟೆ ತಳ್ಳಿದಾಗ ಅಲೆ ಅಡಗುತ್ತದೆ. ನೆರಿಗೆ ಬಂದರೆ ಆ ಫೀಡನ್ನೇ ಇಳಿಸಿ. ಮುಖ್ಯವಾಗಿ ಹಿಂದಿನಿಂದ ಕೈಯಲ್ಲಿ ಎಳೆಯುವ ಅಭ್ಯಾಸವನ್ನು ಬಿಡಿ, ಬಟ್ಟೆಗೆ ದಾರಿ ತೋರಿಸಿದರೆ ಸಾಕು. ಅಂಚು ಹಿಗ್ಗುವ ಮಾತು ಬಂದದ್ದರಿಂದ ಹೇಳುತ್ತೇನೆ: ಒಗೆದ ಟೀ ಶರ್ಟನ್ನು ಕೆಳಮಡಿಕೆಗೆ ಕ್ಲಿಪ್ ಹಾಕಿ ತಂತಿಗೆ ನೇತು ಹಾಕುವವರನ್ನು ಕಂಡರೆ ನನಗೆ ಸಹಿಸಲು ಆಗುವುದಿಲ್ಲ. ನೀರಿನ ಭಾರಕ್ಕೆ ಕ್ಲಿಪ್ ಹಾಕಿದ ಜಾಗ ಮೂತಿಯಂತೆ ಉದ್ದವಾಗಿ, ಇಷ್ಟು ಕಷ್ಟಪಟ್ಟು ಹೊಲಿದ ಅಂಚು ಹಾಳಾಗುತ್ತದೆ. ನಡು ಮಡಚಿ ತಂತಿಯ ಮೇಲೆ ಹಾಕಿದರೆ ಆಯಿತು, ಕ್ಲಿಪ್ ಬೇಕೆಂದರೆ ಕಂಕುಳಿನ ಹತ್ತಿರ ಹಾಕಿ.

ಜೋಡಣೆಯ ಉಬ್ಬಿನ ಮೇಲೆ ಹೊಲಿಗೆ ಬಿಟ್ಟುಹೋಗುವುದು ಸಾಮಾನ್ಯ. ಮಡಿಕೆಯ ಗೆರೆ ಬರುವ ಜಾಗದಲ್ಲಿ ಜೋಡಣೆಯ ಅಂಚಿಗೆ ಸಣ್ಣ ಕಚ್ಚು ಕೊಟ್ಟು, ಮೇಲಿನ ಭಾಗವನ್ನು ಒಂದು ಕಡೆಗೂ ಕೆಳಗಿನ ಭಾಗವನ್ನು ಇನ್ನೊಂದು ಕಡೆಗೂ ಮಡಚಿದರೆ ದಪ್ಪ ಹಂಚಿಹೋಗುತ್ತದೆ. ಅಲ್ಲಿಗೆ ಬಂದಾಗ ವೇಗ ಇಳಿಸಿ, ಬೇಕಾದರೆ ಚಕ್ರವನ್ನು ಕೈಯಲ್ಲಿ ತಿರುಗಿಸಿ ದಾಟಿಸಿ.

ಸುತ್ತು ಮುಗಿದಾಗ ಆರಂಭದ ಹೊಲಿಗೆಯ ಮೇಲೆ ಬೆರಳಗಲ ಮುಂದೆ ಹೋಗಿ ನಿಲ್ಲಿಸಿ. ಸೂಜಿಗಳನ್ನು ಪೂರ್ತಿ ಮೇಲೆತ್ತಿ, ಫೂಟ್ ಎತ್ತಿ, ಸೂಜಿ ದಾರಗಳನ್ನು ಬಟ್ಟೆ ಮತ್ತು ಫೂಟಿನ ನಡುವಿನಿಂದ ಮುಂದಕ್ಕೆ ಎಳೆದು ಕತ್ತರಿಸಿ. ಬಳಿಕ ಬಟ್ಟೆಯನ್ನು ಹಿಂದಕ್ಕೆ ಗಟ್ಟಿಯಾಗಿ ಎಳೆದರೆ ಆ ದಾರದ ತುದಿಗಳು ಹಿಂಬದಿಗೆ ಹೋಗಿ ಲೂಪರ್ ದಾರವನ್ನು ಬಿಗಿದು ಹಿಡಿಯುತ್ತವೆ. ಲೂಪರ್ ದಾರವನ್ನು ಆಮೇಲೆ, ಒಂದಿಷ್ಟು ಬಾಲ ಬಿಟ್ಟು ಕತ್ತರಿಸಿ, ಮೂರನ್ನೂ ಸೇರಿಸಿ ಗಂಟು ಹಾಕಿ, ಸೂಜಿಯಿಂದ ಮಡಿಕೆಯ ಒಳಗೆ ತೂರಿಸಿಬಿಡಿ. ಕಟಕಟನೆ ಕತ್ತರಿಸಿ ಎದ್ದರೆ ಈ ಹೊಲಿಗೆ ಕೊನೆಯ ತುದಿಯಿಂದ ಒಂದೇ ಎಳೆತಕ್ಕೆ ಇಡೀ ಸುತ್ತು ಬಿಚ್ಚಿಕೊಂಡು ಬರುತ್ತದೆ.