ಮಕ್ಕಳ ಮೇಳ: ಹೆಜ್ಜೆ ಹಾಕಿಸುವುದರಿಂದ ಮುಂದಲೆ ಬಿಚ್ಚುವವರೆಗೆ

ಮಕ್ಕಳಿಂದ ಯಕ್ಷಗಾನ ಆಡಿಸಬೇಕೆಂದು ಹೊರಟವರು ಮೊದಲು ಕೇಳುವುದು ‘ಯಾವ ಪ್ರಸಂಗ?’ ಎಂದು. ನಮ್ಮಲ್ಲಿ ಆ ಪ್ರಶ್ನೆ ಏಳುವುದು ಮೂರು ತಿಂಗಳಾದ ಮೇಲೆ. ಬಡಗುತಿಟ್ಟಿನ, ಅಂದರೆ ಯಕ್ಷಗಾನದ ಉತ್ತರದ ಶೈಲಿಯ, ವೇಷ ಹಾಕಿದ ಹತ್ತು ವರ್ಷದ ಮಗುವಿಗೆ ತಲೆಯ ಮೇಲೆ ಮುಂದಲೆಯೆಂಬ ಶಿರೋಭೂಷಣದ ಭಾರ, ಎದೆ–ಸೊಂಟಕ್ಕೆ ಬಿಗಿದ ದಾರ, ಕಾಲಿಗೆ ಗೆಜ್ಜೆ, ಬೆನ್ನ ಹಿಂದೆಯೇ ಚಂಡೆ, ಬಾಯಲ್ಲಿ ಗ್ರಾಂಥಿಕ ಕನ್ನಡ. ಇವು ಐದೂ ಒಟ್ಟಿಗೆ ಮೈಮೇಲೆ ಬಂದರೆ ಕಲಿತ ಹೆಜ್ಜೆಯೂ ಮರೆತುಹೋಗುತ್ತದೆ. ಒಂದೊಂದಾಗಿ ಹೇರಬೇಕು, ಹೇರುವ ಕ್ರಮ ತಪ್ಪಿದರೆ ಆಟ ಕೆಡುತ್ತದೆ. ಕುಂದಾಪುರದ ಕಡೆ ವಾರಕ್ಕೆರಡು ದಿನದ ತರಗತಿ, ಅದರಿಂದ ಹೊರಬಂದವರದೇ ಒಂದು ಮಕ್ಕಳ ಮೇಳ, ಹೀಗೆ ನಡೆಸುತ್ತ ನಾವು ಹಿಡಿದಿರುವ ಕ್ರಮ ಇಲ್ಲಿದೆ.

ತರಗತಿ ಶುರುವಾಗುವುದು ಜೂನ್ ಮೊದಲ ವಾರ. ಇದಕ್ಕೆ ಶಾಲೆಯ ವರ್ಷಕ್ಕಿಂತ ದೊಡ್ಡ ಕಾರಣ ಮೇಳಗಳ ತಿರುಗಾಟ. ವೃತ್ತಿಮೇಳಗಳು ದೀಪಾವಳಿಯ ಹೊತ್ತಿಗೆ ಹೊರಟು ಮೇ ಕೊನೆಯ ತನಕ ತಿರುಗುತ್ತವೆ. ಒಳ್ಳೆಯ ಗುರುಗಳು, ಚಂಡೆ–ಮದ್ದಳೆಯವರು ಮನೆಯಲ್ಲಿ ಸಿಗುವುದು ಮಳೆಗಾಲದಲ್ಲಿ ಮಾತ್ರ. ಜೂನ್‌ನಿಂದ ಸೆಪ್ಟೆಂಬರ್ ಕೊನೆಗೆ ಹದಿನೇಳು ವಾರ, ವಾರಕ್ಕೆರಡರಂತೆ ಮೂವತ್ತನಾಲ್ಕು ತರಗತಿ, ತಲಾ ಒಂದೂವರೆ ಗಂಟೆ. ಹಬ್ಬ, ಮಳೆ ರಜೆ, ಜ್ವರ ಕಳೆದರೆ ಇಪ್ಪತ್ತೆಂಟು ಉಳಿಯುತ್ತದೆ. ಆ ಇಪ್ಪತ್ತೆಂಟನ್ನೇ ಲೆಕ್ಕಕ್ಕೆ ಹಿಡಿದು ಪಾಠ ಹಂಚಬೇಕು. ಗುಣವಂತೆಯಲ್ಲಿ ಕೆರೆಮನೆ ಶಂಭು ಹೆಗಡೆಯವರು 1986ರಲ್ಲಿ ಆರಂಭಿಸಿದ ಶ್ರೀಮಯ ಯಕ್ಷಗಾನ ತರಬೇತಿ ಕೇಂದ್ರದಂಥ ಕಡೆ ಕಲಿಕೆಯ ದಾರಿಯೇ ಬೇರೆ. ವಾರಕ್ಕೆ ಮೂರು ಗಂಟೆ ಸಿಗುವವರು ಅಲ್ಲಿಯ ಪಾಠಪಟ್ಟಿಯನ್ನು ಎತ್ತಿ ತಂದರೆ ಅರ್ಧದಲ್ಲೇ ಬಿಡಬೇಕಾಗುತ್ತದೆ.

ಒಬ್ಬ ಗುರುವಿಗೆ ಹದಿನಾರು ಮಕ್ಕಳು, ಅದಕ್ಕಿಂತ ಹೆಚ್ಚು ಬೇಡ. ನಾಲ್ಕು ಸಾಲು, ಸಾಲಿಗೆ ನಾಲ್ವರು. ಹತ್ತು ನಿಮಿಷಕ್ಕೊಮ್ಮೆ ಹಿಂದಿನ ಸಾಲು ಮುಂದಕ್ಕೆ ಬರಬೇಕು. ಹಾಗೆ ಮಾಡದಿದ್ದರೆ ಹಿಂದಿನವರು ಗುರುವನ್ನು ಬಿಟ್ಟು ಮುಂದಿನ ಮಗುವನ್ನು ನೋಡಿ ಕುಣಿಯುತ್ತಾರೆ, ಅದರ ತಪ್ಪನ್ನೂ ಸೇರಿಸಿ ಕಲಿಯುತ್ತಾರೆ. ನೆಲದ ವಿಷಯದಲ್ಲಿ ರಾಜಿ ಬೇಡ. ಗ್ರಾನೈಟ್ ಹಾಕಿದ ಸಭಾಭವನ ನೋಡಲು ಚಂದ, ಮಕ್ಕಳ ಮೊಣಗಂಟಿಗೆ ಮಾತ್ರ ಶತ್ರು. ಮರದ ಹಲಗೆ ಸಿಕ್ಕರೆ ಭಾಗ್ಯ. ಇಲ್ಲವಾದರೆ ಸಿಮೆಂಟಿನ ಮೇಲೆ ದಪ್ಪ ಜಮಖಾನ ಹಾಸಿ, ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿಕೊಳ್ಳುತ್ತೇವೆ.

ಮೊದಲ ಆರು ವಾರ ಗೆಜ್ಜೆ ಇಲ್ಲ. ಗೆಜ್ಜೆ ಕಟ್ಟಿದ ಮಗು ತನ್ನ ಸದ್ದಿಗೆ ತಾನೇ ಮರುಳಾಗಿ ತಾಳ ಕೇಳುವುದನ್ನು ಬಿಡುತ್ತದೆ. ಮುಖ್ಯ ತಾಳಗಳು ಇವು: ಏಕ 4 ಅಕ್ಷರ (ತಾಳದ ಎಣಿಕೆ), ರೂಪಕ 6, ತ್ರಿವುಡೆ 7, ಝಂಪೆ 10, ಅಷ್ಟ 14, ಆದಿ 16. ಮೊದಲ ವರ್ಷಕ್ಕೆ ಏಕ, ರೂಪಕ, ತ್ರಿವುಡೆ ಸಾಕು. ಮಕ್ಕಳ ಮೇಳಕ್ಕೆ ಬೇಕಾದ ಪದ್ಯಗಳನ್ನು ಈ ಮೂರರಲ್ಲೇ ಆಯ್ದುಕೊಳ್ಳಬಹುದು.

ತ್ರಿವುಡೆಯಲ್ಲಿ ಪ್ರತಿ ಮಗುವೂ ಒಂದೇ ಜಾಗದಲ್ಲಿ ಮುಗ್ಗರಿಸುತ್ತದೆ. ಏಳು ಮುಗಿದ ಮೇಲೆ ಕಾಣದ ಎಂಟನೆಯದೊಂದನ್ನು ಸೇರಿಸಿ, ಅಲ್ಲಿ ಉಸಿರು ತೆಗೆದುಕೊಂಡು ಮತ್ತೆ ಹೆಜ್ಜೆ ಎತ್ತುತ್ತದೆ. ಶಾಲೆಯ ಪ್ರಾರ್ಥನೆ, ಸಿನಿಮಾ ಹಾಡು, ಕವಾಯತು, ಹೆಚ್ಚಿನವೆಲ್ಲ ನಾಲ್ಕು–ಎಂಟರ ಲೆಕ್ಕದವು. ಮೈ ಎಂಟನ್ನು ಬೇಡುತ್ತದೆ. ‘ಒಂದು, ಎರಡು, ಮೂರು’ ಎಂದು ಅಂಕೆಯಲ್ಲಿ ಎಣಿಸಿದರೆ ಈ ರೋಗ ಹೆಚ್ಚಾಗುತ್ತದೆ, ಏಕೆಂದರೆ ‘ಏಳು’ ಎಂದ ನಾಲಿಗೆ ‘ಎಂಟು’ ಎನ್ನದೆ ಬಿಡುವುದಿಲ್ಲ. ಅದಕ್ಕೇ ‘ತಕಿಟ ತಕ ತಕ’ ಎಂದು ಬಾಯಲ್ಲಿ ಹೇಳಿಸುತ್ತ, ಮೂರು–ಎರಡು–ಎರಡಕ್ಕೆ ಚಪ್ಪಾಳೆ ಹಾಕಿಸುತ್ತ ಸುಮ್ಮನೆ ನಡೆಸುತ್ತೇವೆ. ಕುಣಿತವಿಲ್ಲ, ಬರೀ ನಡಿಗೆ. ಏಳು ಬೆಸಸಂಖ್ಯೆಯಾದ್ದರಿಂದ ಒಂದಕ್ಷರಕ್ಕೆ ಒಂದು ಹೆಜ್ಜೆಯಂತೆ ನಡೆದರೆ ಒಂದು ಆವರ್ತ (ತಾಳದ ಒಂದು ಸುತ್ತು) ಬಲಗಾಲಿನಲ್ಲಿ, ಮುಂದಿನದು ಎಡಗಾಲಿನಲ್ಲಿ ಶುರುವಾಗಬೇಕು. ಎರಡು ಸಲವೂ ಬಲಗಾಲೇ ಬಂತೆಂದರೆ ಎಂಟನೆಯದು ನುಸುಳಿದೆ ಎಂದರ್ಥ. ಕಿವಿಗೆ ಸಿಗದ ತಪ್ಪು ಕಣ್ಣಿಗೆ ಸಿಗುತ್ತದೆ. ಆಮೇಲೆ ಗುರು ತಾಳ ಬಾರಿಸುತ್ತ ನಡುವೆ ಎರಡು ಆವರ್ತ ಕೈ ನಿಲ್ಲಿಸುತ್ತಾರೆ. ಮತ್ತೆ ಪೆಟ್ಟು ಬಿದ್ದಾಗ ಮಗುವಿನ ಕಾಲು ಅಲ್ಲಿಗೇ ಬಂದರೆ ಆ ಮಗುವಿಗೆ ಗೆಜ್ಜೆ ಕಟ್ಟಬಹುದು.

ಕುಣಿತಗಳಲ್ಲಿ ಚಾಲು ಕುಣಿತ, ಪ್ರಯಾಣ ಕುಣಿತ, ಯುದ್ಧ ಕುಣಿತ, ಈ ಕ್ರಮದಲ್ಲಿ ಹೋಗುತ್ತೇವೆ. ತಂದೆತಾಯಿಗೆ ಮಾತ್ರ ಮಂಡಿಯದೇ ಆತುರ. ಮೊಣಕಾಲೂರಿ ಗಿರಗಿರನೆ ತಿರುಗುವುದು ಮೊಬೈಲಿನಲ್ಲಿ ಚೆನ್ನಾಗಿ ಕಾಣುತ್ತದೆ. ಹನ್ನೆರಡು ತುಂಬದವರಿಗೆ ನಾವು ಮಂಡಿ ಹೇಳಿಕೊಡುವುದಿಲ್ಲ. ಹನ್ನೆರಡರ ನಂತರವೂ ಒಂದು ತರಗತಿಗೆ ಆರು ಸುತ್ತು, ಕಚ್ಚೆಯ ಒಳಗೆ ಸ್ಪಂಜಿನ ಮಂಡಿಪಟ್ಟಿ ಕಡ್ಡಾಯ. ಬೆಳೆಯುವ ವಯಸ್ಸಿನಲ್ಲಿ ಮೊಣಕಾಲ ಚಿಪ್ಪಿನ ಕೆಳಗಿನ ಉಬ್ಬು ಮೂಳೆಗೆ ಸ್ನಾಯುವಿನ ಎಳೆತ ಹೆಚ್ಚು. ಕುಣಿದ ಮೇಲೆ ಅಲ್ಲಿ ಮುಟ್ಟಿದರೆ ನೋವು ಎಂದು ಮಗು ಹೇಳಿದರೆ ಹಾರುವುದು, ಮಂಡಿ ಎರಡನ್ನೂ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಎಣ್ಣೆ ತಿಕ್ಕಿ ಕುಣಿಸುತ್ತ ಹೋದರೆ ನೋವು ತಿಂಗಳುಗಟ್ಟಲೆ ಎಳೆಯುತ್ತದೆ.

ಯಾರನ್ನು ಮೊದಲು ರಂಗಕ್ಕೆ ಹತ್ತಿಸಬೇಕೆಂಬುದಕ್ಕೆ ಹಿರಿಯರೇ ಏಣಿ ಮಾಡಿಟ್ಟಿದ್ದಾರೆ. ಪೂರ್ವರಂಗದಲ್ಲಿ, ಅಂದರೆ ಪ್ರಸಂಗಕ್ಕೆ ಮುಂಚಿನ ಭಾಗದಲ್ಲಿ, ಮೊದಲು ಕೋಡಂಗಿ, ಆಮೇಲೆ ಬಲರಾಮ–ಕೃಷ್ಣರಾಗಿ ಜೋಡಿ ಬಾಲಗೋಪಾಲರು, ಬಳಿಕ ಪೀಠಿಕೆಯ ಸ್ತ್ರೀವೇಷ. ಮೇಳಕ್ಕೆ ಸೇರಿದ ಹುಡುಗರು ಕುಣಿತ ಕಲಿಯುತ್ತಿದ್ದುದು ಈ ಮೆಟ್ಟಿಲುಗಳಲ್ಲೇ. ಕೋಡಂಗಿಗೆ ಮಾತಿಲ್ಲ, ತಲೆಭಾರವಿಲ್ಲ, ತಪ್ಪಿದರೂ ನಗೆಗೆ ಸಲ್ಲುತ್ತದೆ. ಸಮಯ ಉಳಿಸಲು ಪೂರ್ವರಂಗವನ್ನು ಕತ್ತರಿಸುವ ಮಕ್ಕಳ ತಂಡಗಳನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ತಮ್ಮ ಶಾಲೆಯ ಒಂದನೇ ತರಗತಿಯನ್ನೇ ಅವರು ಮುಚ್ಚಿದ ಹಾಗೆ. ಮಾತಿಗೂ ನಮ್ಮ ಕಡೆ ಇಂಥದೇ ಒಂದು ಏಣಿ ಇದೆ, ಹೂವಿನ ಕೋಲು. ನವರಾತ್ರಿಯಲ್ಲಿ ಇಬ್ಬರು ಮಕ್ಕಳು ಹೂ ಕಟ್ಟಿದ ಕೋಲು ಹಿಡಿದು ಎದುರೆದುರು ಕೂತು ಪ್ರಸಂಗದ ಒಂದು ತುಣುಕಿಗೆ ಅರ್ಥ, ಅಂದರೆ ಪಾತ್ರದ ಮಾತು, ಹೇಳುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ನಾಲ್ಕು ಮನೆ ಸುತ್ತುವಷ್ಟರಲ್ಲಿ ಗಂಟಲು ಬಿಚ್ಚಿಕೊಳ್ಳುತ್ತದೆ.

ಸೆಪ್ಟೆಂಬರಿಗೆ ಪ್ರಸಂಗ. ಅಭಿಮನ್ಯು ಕಾಳಗ, ಲವಕುಶರ ಕಾಳಗ, ಬಬ್ರುವಾಹನ, ವೃಷಸೇನ, ಹೀಗೆ ಎಳೆಯ ವೀರರ ಕಥೆಗಳು ಮಕ್ಕಳ ಮೈಗೆ ಒಗ್ಗುತ್ತವೆ. ಎಪ್ಪತ್ತೈದು ನಿಮಿಷದ ಆಟಕ್ಕೆ ಮೂವತ್ತು ಪದ್ಯ: ಪದ್ಯಕ್ಕೆ ಕುಣಿತ ಸೇರಿ ಒಂದೂವರೆ ನಿಮಿಷದಂತೆ ನಲವತ್ತೈದು, ಉಳಿದ ಮೂವತ್ತು ಮಾತಿಗೆ. ಮೂವತ್ತೈದನೆಯ ಪದ್ಯದ ಆಸೆಗೆ ಬಿದ್ದರೆ ಕೊನೆಯ ಯುದ್ಧಕ್ಕೆ ಕಾಲು ಉಳಿಯುವುದಿಲ್ಲ, ಎಳೆಯ ವೀರನ ಪುಂಡುವೇಷ ಹಾಕಿದ ಮಗು ನಡೆದೇ ಯುದ್ಧ ಮುಗಿಸುತ್ತದೆ. ಪ್ರತಿ ವೇಷಕ್ಕೂ ಇಬ್ಬರು ಕಲಿತಿರಬೇಕು. ಎಸ್‌ಎಸ್‌ಎಲ್‌ಸಿ, ಪಿಯುಸಿಯವರು ಡಿಸೆಂಬರಿನ ನಂತರ ಸಿಗುವುದಿಲ್ಲ; ಹದಿಮೂರು–ಹದಿನಾಲ್ಕರ ಹುಡುಗನ ಸ್ವರ ಜೂನ್‌ನಲ್ಲಿದ್ದಂತೆ ಅಕ್ಟೋಬರಿನಲ್ಲಿ ಇರುತ್ತದೆ ಎಂಬ ಭರವಸೆಯೂ ಇಲ್ಲ.

ಮಾತನ್ನು ಬರೆದುಕೊಟ್ಟು ಉರುಹೊಡೆಸಿದರೆ ಒಂದು ವಾಕ್ಯ ತಪ್ಪಿದಾಗ ಮುಂದಿನದೆಲ್ಲ ಹೋಯಿತು. ಪದ್ಯ ಕೇಳಿಸಿ, ‘ಇದರಲ್ಲಿ ಏನಂದ?’ ಎಂದು ಕೇಳಿ, ಮಗು ಕುಂದಾಪ್ರ ಭಾಷೆಯಲ್ಲಿ ಹೇಳಿದ್ದನ್ನೇ ಗ್ರಾಂಥಿಕಕ್ಕೆ ತಿರುಗಿಸಿ ಬರೆಯುತ್ತೇವೆ. ಒಂದುಸಿರಿಗೆ ಒಂದು ವಾಕ್ಯ, ಅದಕ್ಕಿಂತ ಉದ್ದವಾದರೆ ಕತ್ತರಿ. ಮರೆತಾಗ ಏನು ಮಾಡಬೇಕೆಂಬುದಕ್ಕೂ ತಾಲೀಮು ಬೇಕು: ಮಗು ಒಂದು ಹೆಜ್ಜೆ ಪದ್ಯ ಹಾಡುವ ಭಾಗವತರ ಕಡೆ ತಿರುಗಿದರೆ ಅವರು ಪದ್ಯದ ಕೊನೆಯ ಸಾಲನ್ನು ಮತ್ತೆ ಎತ್ತಿಕೊಡುತ್ತಾರೆ. ಶ–ಷ–ಸ, ಅಲ್ಪಪ್ರಾಣ–ಮಹಾಪ್ರಾಣಗಳಿಗೆ ಪ್ರತಿ ತರಗತಿಯಲ್ಲಿ ಹತ್ತು ನಿಮಿಷ. ಬೀಷ್ಮ, ದ್ರುತರಾಷ್ಟ್ರ ಎಂದವರನ್ನು ರಂಗಕ್ಕೆ ಬಿಡುವುದಿಲ್ಲ. ತಾಲೀಮಿನಲ್ಲಿ ಅರ್ಜುನ ಬಾಣ ತಪ್ಪಿ ಎದುರಿನವನಿಗೆ ತಗಲಿದಾಗ ‘ಸಾರಿ’ ಎನ್ನುವುದನ್ನು ಬಿಡಿಸಲು ಮಾತ್ರ ಇನ್ನೂ ಉಪಾಯ ಸಿಕ್ಕಿಲ್ಲ.

ಹಿಮ್ಮೇಳದಲ್ಲಿ ಒಂದು ಅಡಚಣೆ ಶ್ರುತಿಯದು. ಮಗುವೇ ಭಾಗವತಿಕೆ ಮಾಡುವುದಾದರೆ ಅದರ ಶ್ರುತಿ ದೊಡ್ಡವರದಕ್ಕಿಂತ ಬೇರೆ ಇರುತ್ತದೆ. ಮದ್ದಳೆಯನ್ನು ಶ್ರುತಿಗೆ ಸೇರಿಸಿರಬೇಕು. ಒಂದೇ ಮದ್ದಳೆಯನ್ನು ಅಷ್ಟು ದೂರ ಎಳೆದರೆ ಚರ್ಮಕ್ಕೆ ಕೇಡು. ಆದ್ದರಿಂದ ಆ ಶ್ರುತಿಯ ಇನ್ನೊಂದು ಮದ್ದಳೆ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮಳೆಗಾಲದ ತಂಡಿಗೆ ಚರ್ಮ ಸಡಿಲಾಗುತ್ತದೆ, ಬಲ್ಬಿನ ಹತ್ತಿರ ಬೆಚ್ಚಗಿಟ್ಟರೆ ಸಾಕು. ಬೆಂಕಿಗೆ ಹಿಡಿದು ಅವಸರ ಮಾಡಬಾರದು. ಇನ್ನು ಮೈಕ್: ದೊಡ್ಡವರ ಎತ್ತರಕ್ಕೆ ನಿಲ್ಲಿಸಿದ್ದನ್ನು ಮಗುವಿನ ಗಲ್ಲದ ಮಟ್ಟಕ್ಕೆ ಇಳಿಸಬೇಕು, ಚಂಡೆಯ ಮುಂದಿನ ಮೈಕನ್ನು ತೆಗೆದೇಬಿಡಬೇಕು. ಚಂಡೆಗೆ ಮೈಕಿನ ಹಂಗಿಲ್ಲ.

ಆಟದ ದಿನದ ನಿಜವಾದ ಕೆಲಸ ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಯದು. ಹನ್ನೆರಡು ಮಕ್ಕಳು, ಬಣ್ಣಕ್ಕೆ ಮೂವರು, ಮುಖಕ್ಕೆ ಇಪ್ಪತ್ತು ನಿಮಿಷ ಎಂದರೆ ಎಂಬತ್ತು ನಿಮಿಷ. ವೇಷ ಕಟ್ಟಲು ತಲಾ ಹದಿನೈದರಂತೆ ಮೂವರಿಗೆ ಒಂದು ಗಂಟೆ. ಮುಂದಲೆ ಕಟ್ಟಬಲ್ಲವರು ಊರಲ್ಲಿ ಇಬ್ಬರಿದ್ದರೆ ಹೆಚ್ಚು; ಎಂಟು ಮುಂದಲೆಗೆ ಇನ್ನೊಂದು ಗಂಟೆ. ಆರಕ್ಕೆ ಗಣಪತಿ ಪೂಜೆಯೆಂದರೆ ಎರಡೂವರೆಗೆ ಮೊದಲ ಮಗು ಬಣ್ಣಕ್ಕೆ ಕೂತಿರಬೇಕು. ಎಲ್ಲರೂ ಎರಡು ಗಂಟೆಯೊಳಗೆ ಊಟ ಮುಗಿಸಿರಬೇಕು. ಕಚ್ಚೆ ಹಾಕುವ ಮೊದಲು ಪ್ರತಿ ಮಗುವೂ ಶೌಚಕ್ಕೆ ಹೋಗಿಬರಬೇಕು, ‘ಬರುವುದಿಲ್ಲ’ ಎಂದರೂ ಕಳಿಸಬೇಕು. ವೇಷವಾದ ಮೇಲೆ ನೀರು, ಎಳನೀರು ಏನಿದ್ದರೂ ಸ್ಟ್ರಾದಲ್ಲಿ. ತುಟಿಯ ಬಣ್ಣವೂ ಉಳಿಯುತ್ತದೆ, ಎದೆಯ ಮೇಲೂ ಚೆಲ್ಲುವುದಿಲ್ಲ.

ಬಣ್ಣದಲ್ಲಿ ಹಳೆಯ ಪದ್ಧತಿಯನ್ನು ಕಣ್ಣುಮುಚ್ಚಿ ಹಿಡಿಯಬೇಡಿ. ಹಳದಿಯ ಅರದಾಳದಲ್ಲಿ ಆರ್ಸೆನಿಕ್, ಕೆಂಪಿನ ಇಂಗಳೀಕದಲ್ಲಿ ಪಾದರಸ ಇದೆ. ಮಕ್ಕಳಿಗೆ ಇವೆರಡೂ ಬೇಡ. ಬಿಳಿಗೆ ತೆಂಗಿನೆಣ್ಣೆಯಲ್ಲಿ ಕಲಸಿದ ಝಿಂಕ್ ಆಕ್ಸೈಡ್ ಪುಡಿ, ಉಳಿದ ಬಣ್ಣಕ್ಕೆ ಒಳ್ಳೆಯ ಕಂಪನಿಯ ಮೇಕಪ್ ಬಣ್ಣ. ಹಿಂದಿನ ದಿನವೇ ಮೊಣಕೈಯ ಒಳಮಗ್ಗುಲಿಗೆ ಚೂರು ಹಚ್ಚಿ ನೋಡಬೇಕು; ಕೆಂಪಾದರೆ ಆ ಮಗುವಿಗೆ ಆ ಬಣ್ಣವಿಲ್ಲ.

ಕಚ್ಚೆಯಾಗಿ ಉಡಿಸುವ ಕಸೆ ಸೀರೆಯನ್ನು ಮಗುವಿನ ಅಳತೆಗೆ ಕತ್ತರಿಸುವುದಿಲ್ಲ, ಮುಂದಿನ ವರ್ಷ ಮಗು ಬೆಳೆದಿರುತ್ತದೆ. ಅಗಲವನ್ನು ಸೊಂಟದಲ್ಲಿ ಮಡಚಿ, ದಪ್ಪ ದಾರದಿಂದ ಬಿಗಿದು, ಅಂಚು ಕಾಲಗಂಟಿನ ಮೇಲೆ ನಾಲ್ಕು ಬೆರಳು ನಿಲ್ಲುವಂತೆ ಕಟ್ಟುತ್ತೇವೆ. ಇದಕ್ಕಿಂತ ಇಳಿದರೆ ಗೆಜ್ಜೆಗೆ ಸಿಕ್ಕಿ ಮಗು ಬೀಳುತ್ತದೆ. ಭುಜಕೀರ್ತಿ, ಎದೆಕಟ್ಟುಗಳು ಮರದವಾದರೆ ಭಾರ. ಮಕ್ಕಳಿಗೆ ಫೋಮ್ ಹಾಳೆಯ ಮೇಲೆ ಬಂಗಾರದ ಕಾಗದ ಅಂಟಿಸಿ ಮಾಡಿಸಿದ್ದೇವೆ. ಹತ್ತಡಿ ದೂರದಿಂದ ವ್ಯತ್ಯಾಸ ಕಾಣುವುದಿಲ್ಲ.

ಮುಂದಲೆ ಕೊನೆಗೆ, ಅದೂ ರಂಗಕ್ಕೆ ಹೋಗುವ ಸರದಿಯಂತೆ. ಎಳೆಯ ವೀರರ ಕೇದಗೆ ಮುಂದಲೆಯನ್ನು ತಲೆಯ ಮೇಲೆಯೇ ಕಟ್ಟಬೇಕು. ಮೊದಲು ಹಣೆಗೆ ಮೆತ್ತನೆಯ ಹತ್ತಿಬಟ್ಟೆಯ ಪಟ್ಟಿ, ಉದ್ದ ಕೂದಲಿದ್ದರೆ ಜಡೆ ಹೆಣೆದು ನೆತ್ತಿಗೆ ಸುತ್ತಿ ಅದೇ ಪಟ್ಟಿಯೊಳಗೆ ಸೇರಿಸುವುದು. ಜಡೆ ಕೆಳಗೆ ಜೋತರೆ ಹಿಂಭಾರವಾಗಿ ಮುಂದಲೆ ಜಾರುತ್ತದೆ. ಅದರ ಮೇಲೆ ಅಟ್ಟೆ, ಬಟ್ಟೆ, ಜರಿ. ಕಟ್ಟುವವರಿಗೆ ಒಂದೇ ಭಯ, ತಿರುಗುವಾಗ ಬಿದ್ದೀತೆಂದು. ಆ ಭಯಕ್ಕೆ ದಾರವನ್ನು ಇನ್ನೊಂದು ಸುತ್ತು ಎಳೆಯುತ್ತಾರೆ, ಅರ್ಧ ಗಂಟೆಯಲ್ಲಿ ಮಗುವಿಗೆ ತಲೆ ಸಿಡಿತ, ಆಮೇಲೆ ವಾಂತಿ. ಬಿಗಿಯ ಅಳತೆಗೆ ನಮ್ಮದು ಹೀಗೆ: ಕಟ್ಟಿದ ಮೇಲೆ ಮಗು ಹುಬ್ಬು ಮೇಲೆತ್ತಬೇಕು, ಬಾಯಿ ಪೂರ್ತಿ ತೆರೆಯಬೇಕು. ಹುಬ್ಬು ಏಳದಿದ್ದರೆ ಬಿಗಿ ಜಾಸ್ತಿ, ಬಿಚ್ಚಿ ಕಟ್ಟಬೇಕು. ಅಲ್ಲಾಡುತ್ತಿದ್ದರೆ ದಾರವನ್ನು ಬಿಗಿಯುವುದಲ್ಲ, ಅಟ್ಟೆಯ ಒಳಗೆ ಬಟ್ಟೆ ತುರುಕುವುದು. ಆಮೇಲೆ ಚೌಕಿಯಲ್ಲೇ ನಾಲ್ಕು ಸುತ್ತು ತಿರುಗಿಸಿ ನೋಡುತ್ತೇವೆ. ಒಂದೂವರೆ ಗಂಟೆ ಮೀರಿ ಯಾವ ಮಗುವಿನ ತಲೆಯ ಮೇಲೂ ಅದು ಇರಬಾರದು. ಮೂರನೆಯ ಪ್ರವೇಶದವನಿಗೆ ಆಟ ಶುರುವಾದ ಮೇಲೆಯೇ ಕಟ್ಟಿದರಾಯಿತು. ತಾಲೀಮಿನ ಕೊನೆಯ ಎರಡು ವಾರ ಹಳೆಯ ಪಂಚೆಯಿಂದ ಅಷ್ಟೇ ಭಾರದ ಮುಂಡಾಸು ಸುತ್ತಿ ಕುಣಿಸಿದ್ದರೆ ಆ ದಿನ ಕತ್ತು ತಪ್ಪುವುದಿಲ್ಲ.

ಒಡ್ಡೋಲಗದ, ಅಂದರೆ ಪಾತ್ರಗಳ ಮೊದಲ ಪ್ರವೇಶದ, ತೆರೆಯನ್ನು ಹಿಡಿಯುವ ಇಬ್ಬರೂ ಒಂದೇ ಎತ್ತರದವರಿರಲಿ. ಇದು ಎಲ್ಲರೂ ಮರೆಯುವ ಸಂಗತಿ.

ಆಟ ಮುಗಿದ ಕೂಡಲೇ ಫೋಟೋಕ್ಕೆ ಮೊದಲು ಮುಂದಲೆ ಬಿಚ್ಚಬೇಕು, ತಂದೆತಾಯಿ ಏನೇ ಹೇಳಲಿ. ಫೋಟೋ ಆಟಕ್ಕೆ ಮೊದಲೇ ತೆಗೆಯುವುದೆಂದು ಆಮಂತ್ರಣದಲ್ಲೇ ಹಾಕಿಬಿಟ್ಟರೆ ಜಗಳ ತಪ್ಪುತ್ತದೆ. ಮುಖಕ್ಕೆ ಮೊದಲು ತೆಂಗಿನೆಣ್ಣೆ, ಹತ್ತಿಬಟ್ಟೆಯಲ್ಲಿ ಒರೆಸಿ ಆಮೇಲೆ ಸೋಪು. ಬೆವರಿನಲ್ಲಿ ನೆನೆದ ದಗಲೆಯನ್ನು (ವೇಷದ ಮೇಲಂಗಿಯನ್ನು) ಅದೇ ರಾತ್ರಿ ಹರವದೆ ಪೆಟ್ಟಿಗೆಗೆ ತುಂಬಿದರೆ ಎರಡೇ ದಿನಕ್ಕೆ ಬೂಷ್ಟು. ಒಳಮಗ್ಗುಲು ಮೇಲೆ ಮಾಡಿ ನೆರಳಿನಲ್ಲಿ ಒಣಗಿಸಬೇಕು, ಬಿಸಿಲಿಗೆ ಬಣ್ಣ ಹೋಗುತ್ತದೆ. ಆಭರಣಗಳನ್ನು ಒಣಬಟ್ಟೆಯಲ್ಲಿ ಒರೆಸಿ, ಮಗುವಿನ ಹೆಸರಿನ ಬದಲು ವೇಷದ ಹೆಸರು ಬರೆದ ಚೀಲಕ್ಕೆ ಹಾಕುತ್ತೇವೆ: ‘ಅಭಿಮನ್ಯು’, ‘ದ್ರೋಣ’, ‘ಕೋಡಂಗಿ 1’, ‘ಕೋಡಂಗಿ 2’. ಗೆಜ್ಜೆಯನ್ನು ಎಣಿಸಿ ತೆಗೆದುಕೊಳ್ಳಬೇಕು. ಎಣಿಸದೆ ತೆಗೆದುಕೊಂಡ ವರ್ಷ ಒಂದೊಂದು ಜೋಡಿಯಲ್ಲೂ ನಾಲ್ಕೈದು ಕಡಿಮೆ ಬಂದಿತ್ತು.